ಒಳಗಿರುವುದು ಯಾರೆಂದು ಕೇಳಬೇಡಿ

ಪುಟ್ಟೇನಹಳ್ಳಿಯ ಜನಕ್ಕೆ ಒಂದು ಅಭ್ಯಾಸವಿದೆ. ಯಾರೋ ದೊಡ್ಡವರು ಬರುತ್ತಾರೆ ಎಂದು ತಿಳಿದರೆ ಸಾಕು, ಅರ್ಧ ಗಂಟೆಯಲ್ಲಿ ಹಾರ, ಶಾಲು, ಫ್ಲೆಕ್ಸು, ಹೂವಿನ ಬುಟ್ಟಿ ಎಲ್ಲ ತಯಾರು. ನೀರಿನ ಪೈಪು ಒಡೆದರೆ ಮೂರು ದಿನ ಯಾರೂ ತಿರುಗಿ ನೋಡುವುದಿಲ್ಲ. ಹಾರಕ್ಕೆ ಮಾತ್ರ ಎಂದೂ ತಡವಾಗಿಲ್ಲ. ಈ ಅಭ್ಯಾಸದಿಂದ ಒಂದು ದಿನ ಒಂದು ಜೀವವೇ ಹೋಗುವುದರಲ್ಲಿತ್ತು.

ಸುಧಾಮಣಿ ಅದೇ ಪುಟ್ಟೇನಹಳ್ಳಿಯ ಹಳೇ ಊರಿನ ಮಗಳು. ತಂದೆ ಬೈಲಪ್ಪ, ಊರಿನ ಸಾಹುಕಾರ ಚಿಕ್ಕಬೈರಪ್ಪನವರ ನೀರಿನ ಟ್ಯಾಂಕರ್ ಓಡಿಸಿದವರು. ಒಂದೆರಡು ವರ್ಷವಲ್ಲ, ಇಪ್ಪತ್ತೆರಡು ವರ್ಷ; ಈಗ ಕೆಲಸ ಬಿಟ್ಟಿದ್ದಾರೆ. ತಾಯಿ ಕೆಂಪಕ್ಕ ಜಯನಗರ ನಾಲ್ಕನೇ ಬ್ಲಾಕಿನ ಒಂದು ಕ್ಲಿನಿಕ್ಕಿನಲ್ಲಿ ಆಯಾ. ಮಗಳು ಸ್ಕಾಲರ್‌ಶಿಪ್ಪಿನಲ್ಲಿ ಓದಿ, ಹಠ ಹಿಡಿದು ಹೆಲಿಕಾಪ್ಟರ್ ಪೈಲಟ್ ಆದಳು. ಈಗ ಅವಳು ಹಾರಿಸುವುದು ಏರ್ ಆಂಬುಲೆನ್ಸ್. ರಸ್ತೆಯಲ್ಲಿ ತಂದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ರೋಗಿಗಳನ್ನು ದೂರದ ಊರುಗಳಿಂದ ಬೆಂಗಳೂರಿಗೆ ಹೊತ್ತು ತರುವುದು ಅವಳ ಕೆಲಸ.

ಜೆ.ಪಿ. ನಗರದ ಆ ದೊಡ್ಡ ಆಸ್ಪತ್ರೆಯ ಮಹಡಿಯ ಮೇಲೆ ಹೆಲಿಕಾಪ್ಟರ್ ಇಳಿಯಲು ಜಾಗವಿಲ್ಲ. ಅದಕ್ಕೇ ಪುಟ್ಟೇನಹಳ್ಳಿಯ ಆಟದ ಮೈದಾನವನ್ನು ಗೊತ್ತುಮಾಡಿದ್ದರು. ಅಲ್ಲಿ ಇಳಿದರೆ ಕಾದು ನಿಂತ ಆಂಬುಲೆನ್ಸಿನಲ್ಲಿ ನಾಲ್ಕೇ ನಿಮಿಷಕ್ಕೆ ಆಸ್ಪತ್ರೆ. ಮೈದಾನದ ಗೇಟಿನ ಬೀಗದ ಕೈ ಬಡಾವಣೆ ಸಂಘದ ಅಧ್ಯಕ್ಷ ಚಿಕ್ಕಬೈರಪ್ಪನವರ ಬಳಿ ಇರುತ್ತದೆ. ಹೆಲಿಕಾಪ್ಟರ್ ಬರುವ ನಲವತ್ತು ನಿಮಿಷ ಮೊದಲು ಅವರಿಗೆ ಫೋನು ಹೋಗುತ್ತದೆ, ಹಾರಿಸುವವರ ಹೆಸರೂ ಅದರಲ್ಲೇ ತಿಳಿಯುತ್ತದೆ.

ಸುಧಾಮಣಿಯ ಕೆಲಸದಲ್ಲಿ ಒಂದು ನಿಯಮವಿದೆ. ಒಳಗೆ ಮಲಗಿರುವ ರೋಗಿ ಯಾರು, ವಯಸ್ಸೆಷ್ಟು, ಏನಾಗಿದೆ ಎಂದು ಪೈಲಟ್‌ಗೆ ಹೇಳುವುದಿಲ್ಲ. ಪೈಲಟ್ ಕೇಳುವುದೂ ಇಲ್ಲ. ಮಗು ಎಂದು ಗೊತ್ತಾದರೆ ಮನಸ್ಸು ಕರಗುತ್ತದೆ. ಮನಸ್ಸು ಕರಗಿದರೆ ಹಾರಬಾರದ ಮೋಡದಲ್ಲೂ ಹಾರಿಬಿಡೋಣ ಅನಿಸುತ್ತದೆ. ಆಗ ಒಬ್ಬರ ಬದಲು ಎಲ್ಲರೂ ಹೋಗುತ್ತಾರೆ. ಆದ್ದರಿಂದ ಅವಳಿಗೆ ತಿಳಿಸುವುದು ಇಷ್ಟೇ: ಎಲ್ಲಿಂದ, ಎಲ್ಲಿಗೆ, ತೂಕ ಎಷ್ಟು.

ಆವತ್ತು ಬೆಳಿಗ್ಗೆ ಹನ್ನೊಂದು ಗಂಟೆ. ಹನೂರಿನ ಆಚೆಯ ಕಾಡಂಚಿನಿಂದ ಒಬ್ಬ ರೋಗಿಯನ್ನು ಹೊತ್ತು ಸುಧಾಮಣಿ ಬಂದಳು. ಹಿಂದೆ ಡಾಕ್ಟರ್ ದೇವದಾಸ್ ರೋಗಿಯ ಪಕ್ಕದಲ್ಲಿ ಬಗ್ಗಿ ಕುಳಿತಿದ್ದರು. ಪುಟ್ಟೇನಹಳ್ಳಿ ಕೆರೆಯ ಹಕ್ಕಿಗಳಿಗೆ ಸಿಗದಂತೆ ಬಳಸಿಕೊಂಡು ಬಂದು ಮೈದಾನದ ಮೇಲೆ ಇಳಿಯತೊಡಗಿದಳು. ನೆಲಕ್ಕೆ ಇನ್ನು ಅರವತ್ತು ಅಡಿ ಇರಬೇಕು. ಗೇಟಿನಿಂದ ಒಂದು ಗುಂಪು ಒಳಗೆ ನುಗ್ಗಿತು.

ಮುಂದೆ ಇಬ್ಬರು ಒಂದು ಫ್ಲೆಕ್ಸ್ ಹಿಡಿದು ಓಡಿ ಬರುತ್ತಿದ್ದರು. ಫ್ಲೆಕ್ಸಿನಲ್ಲಿ ಸುಧಾಮಣಿಯದೇ ಮುಖ, ಅಷ್ಟು ದೊಡ್ಡದು. ಕೆಳಗೆ ಬರೆದಿತ್ತು, ನಮ್ಮೂರ ಹೆಮ್ಮೆಯ ಪುತ್ರಿಗೆ ಸುಸ್ವಾಗತ. ಹಿಂದೆ ಆಳುದ್ದದ ಸುಗಂಧರಾಜದ ಹಾರ. ಅದರ ಹಿಂದೆ ಪ್ಲಾಸ್ಟಿಕ್ ಹಾಳೆ ಮುಚ್ಚಿದ ಹೂವಿನ ಬುಟ್ಟಿಗಳು. ಎಲ್ಲರಿಗಿಂತ ಮುಂದಿನ ಬುಟ್ಟಿ ಹಿಡಿದವಳು ಕೆಂಪಕ್ಕ, ಅವಳ ಸ್ವಂತ ತಾಯಿ. ಮಗಳ ಕಡೆಗೆ ಮುಖವೆತ್ತಿ ಬಾಯಿ ತುಂಬ ನಗುತ್ತಿದ್ದಳು.

ರೆಕ್ಕೆಯ ಗಾಳಿಗೆ ಪ್ಲಾಸ್ಟಿಕ್ ಹಾಳೆ ಬುಟ್ಟಿ ಬಿಟ್ಟು ಎದ್ದಿತು. ಫ್ಲೆಕ್ಸ್ ಕೈ ತಪ್ಪಿ ಸರ್ರನೆ ಮೇಲಕ್ಕೆ ಬಂತು. ಸುಧಾಮಣಿ ಯೋಚಿಸುತ್ತ ಕೂರಲಿಲ್ಲ. ಹೆಲಿಕಾಪ್ಟರನ್ನು ಎಳೆದು ಮತ್ತೆ ಮೇಲಕ್ಕೆ ಏರಿಸಿದಳು.

"ಡಾಕ್ಟ್ರೇ, ಇಲ್ಲಿ ಇಳಿಯೋಕಾಗಲ್ಲ. ಬನಶಂಕರಿ ಆಚೆ ಗ್ರೌಂಡ್‌ಗೆ ಹೋಗ್ತಿದೀನಿ."

ದೇವದಾಸ್ ಬಗ್ಗಿ ರೋಗಿಯ ನಾಡಿ ನೋಡಿದರು. ಆಮೇಲೆ ಹೇಳಿದರು, "ಸರಿ ಕ್ಯಾಪ್ಟನ್. ಬೇಗ."

ಆ 'ಬೇಗ' ಎನ್ನುವ ಮಾತನ್ನು ಅವರು ಹಿಂದೆಂದೂ ಹೇಳಿದವರಲ್ಲ. ಅದೂ ನಿಯಮಕ್ಕೆ ಹೊರತೇ. ಸುಧಾಮಣಿ ಹೆಲಿಕಾಪ್ಟರನ್ನು ಬನಶಂಕರಿಯತ್ತ ತಿರುಗಿಸಿದಳು. ಆಚೆಯ ಮೈದಾನದಲ್ಲಿ ಇಳಿದು, ಬೇರೆ ಆಂಬುಲೆನ್ಸ್ ಬಂದು, ಟ್ರಾಫಿಕ್ಕಿನಲ್ಲಿ ನುಸುಳಿ ಆಸ್ಪತ್ರೆ ಸೇರುವಾಗ ಇಪ್ಪತ್ತೆಂಟು ನಿಮಿಷ ಹೆಚ್ಚಾಗಿ ಹೋಗಿತ್ತು.

ಸಂಜೆ ದೇವದಾಸ್ ಫೋನ್ ಮಾಡಿದರು. "ಉಳಿದ್ರು ಕ್ಯಾಪ್ಟನ್. ಅಷ್ಟು ಮಾತ್ರ ಹೇಳ್ತೀನಿ. ಆದ್ರೆ ಅದು ನಮ್ಮ ಅದೃಷ್ಟ. ಕೆಲಸ ಸರಿಯಾಗಿ ಆಗಿದ್ದಕ್ಕಲ್ಲ."

ಕಂಪನಿಯಿಂದಲೂ ಮಾತು ಬಂತು. ಇನ್ನೊಂದು ಸಲ ಹೀಗಾದರೆ ಪುಟ್ಟೇನಹಳ್ಳಿಯ ಮೈದಾನವನ್ನು ಪಟ್ಟಿಯಿಂದ ತೆಗೆದುಹಾಕುತ್ತಾರೆ. ತೆಗೆದರೆ ಆ ಆಸ್ಪತ್ರೆಗೆ ಬರುವ ಪ್ರತಿ ರೋಗಿಗೂ ಇಪ್ಪತ್ತೆಂಟು ನಿಮಿಷ ಹೆಚ್ಚು. ಅದೃಷ್ಟ ಪ್ರತಿ ಸಲ ಕೈ ಹಿಡಿಯುತ್ತದೆಯೇ?

ಮನೆಗೆ ಬಂದಾಗ ಕೆಂಪಕ್ಕ ಮುಖ ಊದಿಸಿಕೊಂಡು ಕುಳಿತಿದ್ದಳು. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಬಾಡಿದ ಹೂವಿನ ಬುಟ್ಟಿ.

"ಅಷ್ಟು ಜನದ ಮುಂದೆ ಇಳೀದೆ ಹೊರಟೋದ್ಯಲ್ಲೇ! ನನ್ ಮರ್ಯಾದೆ ಏನಾಗ್ಬೇಕು?"

"ಅಮ್ಮಾ, ನೀನು ನಿಂತಿದ್ದು ಎಲ್ಲಿ ಗೊತ್ತಾ? ನಾನು ಇನ್ನು ಎರಡು ನಿಮಿಷ ಇಳಿದಿದ್ರೆ ನೀನು ಹೆಲಿಕಾಪ್ಟರ್ ಬಾಲದ ಫ್ಯಾನ್ ಹತ್ರ ಬಂದಿರ್ತಿದ್ದೆ. ಆ ಫ್ಯಾನ್ ತಿರುಗೋವಾಗ ಕಣ್ಣಿಗೆ ಕಾಣಲ್ಲ. ತಲೆ ಹೋಗಿರೋದು."

ಕೆಂಪಕ್ಕ ತಲೆ ಮುಟ್ಟಿ ನೋಡಿಕೊಂಡಳು. ಬೈಲಪ್ಪ ಮೂಲೆಯಲ್ಲಿ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಿಧಾನಕ್ಕೆ ಹೇಳಿದರು, "ಚಿಕ್ಕಬೈರಪ್ಪ ಯಜಮಾನ್ರು ಬಿಡಲ್ಲ ಕಣಮ್ಮ. ಭಾನುವಾರ ಕಲ್ಯಾಣ ಮಂಟಪದಲ್ಲಿ ನಿಂಗೆ ಸನ್ಮಾನ ಇಟ್ಟವ್ರೆ."

"ಬರ್ತೀನಪ್ಪ. ಖಂಡಿತ ಬರ್ತೀನಿ," ಎಂದಳು ಸುಧಾಮಣಿ. ಅವಳ ದನಿ ಕೇಳಿ ಬೈಲಪ್ಪನವರಿಗೆ ಸ್ವಲ್ಪ ಭಯವೇ ಆಯಿತು.

ಭಾನುವಾರ ಮಂಟಪ ತುಂಬಿತ್ತು. ವೇದಿಕೆಯ ಮೇಲೆ ಚಿಕ್ಕಬೈರಪ್ಪನವರು ಬಿಳಿ ಪಂಚೆ, ಬಿಳಿ ಶರ್ಟಿನಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಅಂಜನಮ್ಮ. ಸ್ತ್ರೀಶಕ್ತಿ ಸಂಘದ ಮುಂದಾಳು ಅವರು. ಮುಂದಿನ ಸಾಲಿನವರಿಗೆ ಸೆಕೆಯಾಗದಿರಲೆಂದು ಒಂದು ದೊಡ್ಡ ಸ್ಟ್ಯಾಂಡ್ ಫ್ಯಾನ್ ಗರ್ರೆನ್ನುತ್ತಿತ್ತು. ಬೈಲಪ್ಪನವರು ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿ ನಿಂತಿದ್ದರು.

ಹೆಸರು ಕೂಗಿದರು. ಸುಧಾಮಣಿ ವೇದಿಕೆ ಹತ್ತಿದಳು. ಚಿಕ್ಕಬೈರಪ್ಪನವರು ರೇಷ್ಮೆ ಶಾಲು ಹೊದಿಸಲು ಬಂದರು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಬೇಡಿ ಅಂಕಲ್. ನಾನು ಹಾಕಿಸ್ಕೊಳ್ಳಲ್ಲ."

ಮಂಟಪದಲ್ಲಿ ಗುಸುಗುಸು ಎದ್ದಿತು. ಚಿಕ್ಕಬೈರಪ್ಪನವರ ಮುಖ ಕೆಂಪಾಯಿತು. "ಏನಮ್ಮಾ ಇದು? ಊರೋರು ಪ್ರೀತಿಯಿಂದ ಕೊಡ್ತಿದೀವಿ. ಮೊನ್ನೆ ಗ್ರೌಂಡಲ್ಲೂ ಅವಮಾನ ಮಾಡ್ದೆ. ಇಲ್ಲೂ ಹಿಂಗೇನಾ? ಮೇಲೆ ಹಾರ್ತೀಯ ಅಂತ ಕೆಳಗಿರೋರು ಕಾಣಲ್ವಾ?"

"ಕೆಳಗಿರೋರು ಕಂಡಿದ್ದಕ್ಕೇ ನಾನು ಇಳೀಲಿಲ್ಲ. ಸ್ವಲ್ಪ ಆ ಶಾಲು ಕೊಡಿ."

ಶಾಲನ್ನು ಅವರ ಕೈಯಿಂದ ತೆಗೆದುಕೊಂಡು ಅವಳು ವೇದಿಕೆಯಿಂದ ಇಳಿದಳು. ನೆಟ್ಟಗೆ ಆ ದೊಡ್ಡ ಫ್ಯಾನಿನ ಬಳಿ ಹೋದಳು. ಅದರ ಬೆನ್ನ ಹಿಂದೆ ಶಾಲನ್ನು ಹಿಡಿದು ಕೈ ಬಿಟ್ಟಳು. ಫ್ಯಾನ್ ಶಾಲನ್ನು ಪಟ್ಟನೆ ಎಳೆದುಕೊಂಡಿತು. ಜರಿ ಅಂಚು ಜಾಲರಿಗೆ ಅಂಟಿತು. ಗಾಳಿ ನಿಂತಿತು. ಫ್ಯಾನ್ ಗೊರಗೊರ ಎಂದು ಏದುಸಿರು ಬಿಡತೊಡಗಿತು. ಮುಂದಿನ ಸಾಲಿನವರು ಬೀಸಣಿಗೆಯಂತೆ ಆಮಂತ್ರಣ ಪತ್ರ ಬೀಸಿಕೊಳ್ಳಲು ಶುರುಮಾಡಿದರು.

"ಈ ಫ್ಯಾನ್‌ಗೆ ಜಾಲರಿ ಇದೆ," ಎಂದಳು ಸುಧಾಮಣಿ. "ನನ್ನ ಹೆಲಿಕಾಪ್ಟರ್ ರೆಕ್ಕೆಗೆ ಜಾಲರಿ ಇಲ್ಲ. ಈ ಫ್ಯಾನ್ ನಿಂತ್ರೆ ನಿಮಗೆ ಸೆಕೆ ಆಗತ್ತೆ. ಆ ರೆಕ್ಕೆ ನಿಂತ್ರೆ ನಾನು, ಡಾಕ್ಟ್ರು, ಪೇಷಂಟು, ಕೆಳಗೆ ನಿಂತಿರೋ ನೀವು, ಯಾರೂ ಇರಲ್ಲ. ನಿಮ್ಮ ಫ್ಲೆಕ್ಸು ಈ ಶಾಲಿಗಿಂತ ಎಷ್ಟು ದೊಡ್ಡದಿತ್ತು ಅಂಕಲ್?"

ಅಂಜನಮ್ಮ ಎದ್ದು ಬಂದು ಶಾಲನ್ನು ಜಾಲರಿಯಿಂದ ಬಿಡಿಸಿದರು. ಬಿಡಿಸುವಾಗ ಅದು ಕೈಯನ್ನು ಎಳೆದ ರೀತಿಗೆ ಅವರೇ ಬೆಚ್ಚಿದರು.

"ಅಲ್ಲ ಕಣೇ ಸುಧಾ, ಹೂವು ಹಾಕಿದ್ರೂ ತಪ್ಪಾ? ಹೂವು ಏನ್ ಮಾಡತ್ತೆ?"

"ಹೂವಿಗಿಂತ ಹೂವಿನ ಮೇಲಿರೋ ಪ್ಲಾಸ್ಟಿಕ್ ಕೆಟ್ಟದ್ದು ಆಂಟಿ. ಟೋಪಿ, ಛತ್ರಿ, ವೇಲು, ಟೆರೇಸ್ ಮೇಲೆ ಒಣಗಿಹಾಕಿರೋ ಬೆಡ್‌ಶೀಟು, ನೀರಿನ ಟ್ಯಾಂಕಿನ ಮುಚ್ಚಳ. ಹಗುರ ಇರೋದೆಲ್ಲ ಎದ್ದು ಬರತ್ತೆ. ಹೂವು ಹಾಕೋಕೆ ಜನ ಹತ್ರ ಬರ್ತಾರಲ್ಲ, ಅದು ಎಲ್ಲಕ್ಕಿಂತ ಅಪಾಯ."

ಚಿಕ್ಕಬೈರಪ್ಪನವರು ಸುಲಭಕ್ಕೆ ಸೋಲುವವರಲ್ಲ. ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಸರಿಯಮ್ಮ. ಫ್ಲೆಕ್ಸ್ ತಪ್ಪು ಅಂತಾನೇ ಇಟ್ಕೋ. ಆದ್ರೆ ನಮ್ಮ ಗ್ರೌಂಡು, ನಮ್ಮ ಧೂಳು, ನಮ್ಮ ಮಕ್ಕಳ ಆಟ ನಿಲ್ತದೆ. ನಾವು ಇಷ್ಟೆಲ್ಲ ಬಿಟ್ಕೊಡೋದು ಯಾರಿಗೆ? ಅದನ್ನ ಹೇಳು. ಮೊನ್ನೆ ಒಳಗೆ ಇದ್ದೋರು ಯಾರು? ಯಾರ ಕಡೆಯೋರು?"

"ನನಗೆ ಗೊತ್ತಿಲ್ಲ."

"ಗೊತ್ತಿಲ್ವಾ? ಹೊತ್ಕೊಂಡ್ ಬಂದೋಳು ನೀನು!"

"ನಾವು ಕೇಳೋ ಹಾಗಿಲ್ಲ ಅಂಕಲ್. ಹೆಸರು ಕೇಳಲ್ಲ. ಯಾವೂರು, ಯಾರ ಮಗ, ಯಾವ ಜಾತಿ, ಯಾವ ಪಾರ್ಟಿ, ಒಂದೂ ಕೇಳಲ್ಲ. ತೂಕ ಎಷ್ಟು ಅಂತ ಮಾತ್ರ ಕೇಳ್ತೀನಿ. ಈ ಊರಲ್ಲಿ ಮಾತ್ರ ಎಲ್ಲದಕ್ಕೂ ಮೊದಲು ಯಾರು ಅಂತ ಕೇಳ್ತಾರೆ."

ಇಷ್ಟು ಹೇಳಿ ಅವಳು ನಿಲ್ಲಿಸಬಹುದಿತ್ತು. ಆದರೆ ಎದೆಯಲ್ಲಿ ಎಷ್ಟೋ ವರ್ಷದಿಂದ ಇದ್ದದ್ದು ಬಾಯಿಗೆ ಬಂತು. ಹಿಂದಿನ ಗೋಡೆಯ ಕಡೆ ಕೈ ತೋರಿಸಿದಳು.

"ನನಗೆ ಹಾರ ಹಾಕ್ತೀರಾ. ಅಲ್ಲಿ ನಿಂತಿರೋದು ನಮ್ಮಪ್ಪ. ಇಪ್ಪತ್ತೆರಡು ವರ್ಷ ನಿಮ್ಮ ಟ್ಯಾಂಕರ್ ಓಡಿಸಿ ಈ ಬಡಾವಣೆಗೆಲ್ಲ ನೀರು ಕುಡಿಸಿದ್ರು. ಇವತ್ತು ಈ ಮಂಟಪದಲ್ಲಿ ಅವರಿಗೆ ಒಂದು ಕುರ್ಚಿ ಹಾಕಬೇಕು ಅಂತ ಯಾರಿಗಾದ್ರೂ ಅನಿಸ್ತಾ? ಇಲ್ಲ. ಯಾಕಂದ್ರೆ ಅವರು ಯಾರು ಅಂತ ನಿಮಗೆ ಚೆನ್ನಾಗಿ ಗೊತ್ತು. ನನಗೆ ಶಾಲು ಬೇಡ. ನಿಮಗೆ ನನ್ನ ಮೇಲೆ ಪ್ರೀತಿ ಇದ್ರೆ ನಾನು ಇಳಿಯೋವಾಗ ಆ ಮೈದಾನ ಖಾಲಿ ಇರಲಿ. ನನಗೆ ಅದೇ ಸನ್ಮಾನ. ಅದಾಗಲ್ಲ ಅಂದ್ರೆ ಹೇಳಿಬಿಡಿ. ಆಚೆ ಗ್ರೌಂಡ್‌ಗೇ ಹೋಗ್ತೀನಿ. ದಾರೀಲಿ ಜೀವ ಹೋದ್ರೆ ಅದು ಯಾರದು ಅಂತ ನೀವೂ ಕೇಳಬೇಡಿ."

ಕೆಂಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಿಕ್ಕಬೈರಪ್ಪನವರು ಹಿಂದಿನ ಗೋಡೆಯ ಕಡೆ ನೋಡಿದರು. ಕೊನೆಗೆ ಕೇಳಿದ್ದು ಒಂದೇ ಮಾತು.

"ನಿಜವಾಗ್ಲೂ ಯಾರು ಅಂತ ಕೇಳ್ದೇನೇ ಹೊತ್ಕೊಂಡ್ ಬರ್ತೀಯಾ?"

"ಹೂಂ ಅಂಕಲ್. ನಾಳೆ ನಿಮ್ಮನ್ನೂ ಹಾಗೇ ತರ್ತೀನಿ."

ಅಂಜನಮ್ಮ ಫಕ್ಕನೆ ನಕ್ಕುಬಿಟ್ಟರು. "ನಮ್ಮನೆಯೋರ ತೂಕ ಕೇಳಿದ್ರೆ ನಿನ್ ಹೆಲಿಕಾಪ್ಟರ್ ಏಳೋದೇ ಇಲ್ಲ ಬಿಡು," ಎಂದರು. ಮಂಟಪವೆಲ್ಲ ನಕ್ಕಿತು. ಚಿಕ್ಕಬೈರಪ್ಪನವರೂ ಒಲ್ಲದ ಮನಸ್ಸಿನಿಂದ ನಕ್ಕರು. "ಏನ್ ಮಾಡ್ಬೇಕು ಹೇಳಮ್ಮ," ಎಂದರು.

ಮುಂದಿನ ಭಾನುವಾರಗಳಲ್ಲಿ ಮೈದಾನದಲ್ಲಿ ಪಾಠ ನಡೆಯಿತು. ಫೋನು ಬಂದ ಕೂಡಲೇ ಗೇಟು ತೆಗೆಯಬೇಕು. ಒಳಗೆ ಆಡುವ ಮಕ್ಕಳನ್ನು, ನಾಯಿಗಳನ್ನು ಹೊರಗೆ ಕಳಿಸಬೇಕು. ಆಂಬುಲೆನ್ಸ್ ಬರುವ ದಾರಿಯಲ್ಲಿ ಒಂದು ಸ್ಕೂಟರೂ ನಿಲ್ಲಬಾರದು. ನೋಡಬೇಕೆನಿಸಿದವರು ಕಾಂಪೌಂಡಿನ ಆಚೆ ನಿಂತು ನೋಡಬೇಕು. ಸುತ್ತಲಿನ ಮಹಡಿಗಳ ಬಟ್ಟೆ ತೆಗೆಸುವ ಜವಾಬ್ದಾರಿಯನ್ನು ಅಂಜನಮ್ಮನ ಸಂಘ ವಹಿಸಿಕೊಂಡಿತು. ಒಂದೊಂದು ಬೀದಿಗೆ ಒಬ್ಬೊಬ್ಬ ಹೆಂಗಸು, ಒಂದೊಂದು ಫೋನು. ಧೂಳಿಗೂ ದಾರಿಯಿತ್ತು. ಮೊದಲೇ ನೀರು ಹಾಯಿಸಿದರೆ ಧೂಳು ಏಳುವುದಿಲ್ಲ ಎಂದಳು ಸುಧಾಮಣಿ. ಚಿಕ್ಕಬೈರಪ್ಪನವರಿಗೆ ಟ್ಯಾಂಕರುಗಳಿಗೆ ಏನು ಬರ? ಆದರೆ ಇಪ್ಪತ್ತು ನಿಮಿಷದಲ್ಲಿ ಇಡೀ ಮೈದಾನವನ್ನು ಕೆಸರಾಗದ ಹಾಗೆ ನೆನೆಸಬೇಕು. ಆ ಕೈಚಳಕ ಈಗಿನ ಡ್ರೈವರುಗಳಿಗೆ ಬರಲಿಲ್ಲ. ಒಬ್ಬ ಅರ್ಧ ಮೈದಾನವನ್ನು ಗದ್ದೆ ಮಾಡಿಟ್ಟ.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ಸುಧಾಮಣಿ ಮತ್ತೆ ಪುಟ್ಟೇನಹಳ್ಳಿಯತ್ತ ಬಂದಳು. ಹಿಂದೆ ದೇವದಾಸ್ ಇದ್ದರು, ಅವರ ಪಕ್ಕದಲ್ಲಿ ಐವತ್ತೊಂದು ಕಿಲೋ ತೂಕದ ಯಾರೋ ಒಬ್ಬರು. ಮೈದಾನ ಹತ್ತಿರ ಬಂದಂತೆ ಅವಳು ವೇಗ ಕಡಿಮೆ ಮಾಡಿದಳು. ಇವತ್ತೂ ಯಾರಾದರೂ ನುಗ್ಗಿದರೆ ಇದೇ ಕೊನೆ. ಈ ನೆಲ ಅವಳ ಕೈ ತಪ್ಪುತ್ತದೆ. ಒಳಗಿರುವವರ ಉಸಿರೂ ತಪ್ಪಬಹುದು.

ಮೊದಲು ಮಹಡಿಗಳು ಕಂಡವು. ಒಂದು ತಂತಿಯ ಮೇಲೂ ಬಟ್ಟೆಯಿರಲಿಲ್ಲ. ಆಮೇಲೆ ಮೈದಾನ ಕಂಡಿತು. ಒಂದು ನರಪಿಳ್ಳೆಯೂ ಇಲ್ಲ. ನೆಲವೆಲ್ಲ ಹದವಾಗಿ, ಒಂದೇ ಸಮನಾಗಿ ನೆನೆದು ಕಪ್ಪಾಗಿತ್ತು. ಅಂಚಿನಲ್ಲಿ ಎಲ್ಲೂ ಕೆಸರಾಗಿರಲಿಲ್ಲ. ಹಾಗೆ ನೀರು ಹಾಯಿಸುವ ಕೈ ಯಾವುದೆಂದು ಅವಳಿಗೆ ಗೊತ್ತಿತ್ತು. ಗೇಟಿನ ಆಚೆ ಟ್ಯಾಂಕರ್ ನಿಂತಿತ್ತು. ಅದರ ಪಕ್ಕದಲ್ಲಿ ಬೈಲಪ್ಪನವರು ಟವೆಲನ್ನು ಹೆಗಲ ಮೇಲೆ ಹಾಕಿಕೊಳ್ಳದೆ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಕಾಂಪೌಂಡಿನ ಹಿಂದೆ ಕೆಂಪಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಕೈ ಬೀಸಲಿಲ್ಲ. ಬೀಸಬೇಡ ಎಂದು ಮಗಳೇ ಹೇಳಿದ್ದಳಲ್ಲ.

ಸುಧಾಮಣಿ ಇಳಿಸಿದಳು. ಒಂದು ಚಿಟಿಕೆ ಧೂಳು ಏಳಲಿಲ್ಲ. ಅವಳು ಹೆಬ್ಬೆರಳು ಎತ್ತಿ ತೋರಿಸುವವರೆಗೆ ಯಾರೂ ಒಂದು ಹೆಜ್ಜೆ ಇಡಲಿಲ್ಲ. ಆಮೇಲೆ ಆಂಬುಲೆನ್ಸಿನವರು ಮುಂದಿನಿಂದ, ಅವಳ ಕಣ್ಣಿಗೆ ಕಾಣುವಂತೆ ಬಗ್ಗಿ ಬಂದರು. ಸ್ಟ್ರೆಚರ್ ಹೋಯಿತು. ಸೈರನ್ ಕೂಗಿತು. ದಾರಿ ಖಾಲಿಯಿತ್ತು.

ಅವಳು ಇಳಿಯುವ ಸ್ವಲ್ಪ ಮೊದಲು ಗೇಟಿನ ಬಳಿ ನಡೆದದ್ದನ್ನು ಕೆಂಪಕ್ಕ ಸಂಜೆ ಫೋನಿನಲ್ಲಿ ಹೇಳಿದಳು. ಯಾರೋ ಲೀಡರ್ ಕಡೆಯ ನಾಲ್ಕು ಜನ ಕಾರಿನಲ್ಲಿ ಬಂದಿದ್ದರಂತೆ. ಕೈಯಲ್ಲಿ ಹಾರ, ಕ್ಯಾಮೆರಾ. "ಯಾರ್ ಸಾರ್ ಬರ್ತಿರೋದು? ವಿಐಪಿನಾ?" ಎಂದು ಗೇಟು ತಳ್ಳಲು ಹೋದರಂತೆ. ಚಿಕ್ಕಬೈರಪ್ಪನವರು ಪಂಚೆ ಎತ್ತಿ ಕಟ್ಟಿ ಅಡ್ಡ ನಿಂತರಂತೆ.

"ಯಾರಾದ್ರೆ ನಿಂಗೇನಯ್ಯಾ? ಹಾರಿಸ್ಕೊಂಡ್ ಬರ್ತಿರೋ ನಮ್ಮ ಹುಡುಗೀನೇ ಯಾರು ಅಂತ ಕೇಳಿಲ್ಲ. ನೀನ್ಯಾವೋನು ಕೇಳೋಕೆ? ತೆಗಿ ಕಾರು, ಆಂಬುಲೆನ್ಸ್ ದಾರಿ ಅದು!"

"ಅಷ್ಟೇ ಅಲ್ಲ ಕಣೇ," ಎಂದಳು ಕೆಂಪಕ್ಕ. "ನೀನು ಮೇಲೆದ್ದು ಹೋದ್ಮೇಲೆ ಯಜಮಾನ್ರು ಎರಡು ಕುರ್ಚಿ ತಂದ್ರು. ಮೊದಲೇ ತಂದ್ರೆ ಹಾರಿ ಹೋಗ್ತವಂತೆ, ನೀನೇ ಹೇಳಿದ್ಯಂತೆ. ಒಂದರಲ್ಲಿ ಅವರು ಕೂತ್ರು. ಇನ್ನೊಂದರಲ್ಲಿ ನಿಮ್ಮಪ್ಪನ್ನ ಕೂರ್ಸುದ್ರು."

ಸುಧಾಮಣಿ ಕೇಳಿದಳು, "ಅಪ್ಪ ಏನಂದ್ರು?"

"ಏನಂತಾರೆ? ನಾಳೆಯಿಂದ ಟ್ಯಾಂಕರ್ ಕೀ ನನ್ ಹತ್ರಾನೇ ಇರ್ಲಿ ಅಂದ್ರು."

ಆ ದಿನದ ಐವತ್ತೊಂದು ಕಿಲೋದವರು ಯಾರು? ಪುಟ್ಟೇನಹಳ್ಳಿಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಾಲ್ಕು ನಿಮಿಷದಲ್ಲಿ ಆಸ್ಪತ್ರೆ ಸೇರಿದರು ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನ ಮೈದಾನದಲ್ಲೂ ಒಂದು ದಿನ ಏರ್ ಆಂಬುಲೆನ್ಸ್ ಇಳಿಯಬಹುದು. ಇಳಿದಾಗ ದಯವಿಟ್ಟು ನಿಮ್ಮ ಪ್ರೀತಿಯನ್ನು ಕಾಂಪೌಂಡಿನ ಆಚೆಯೇ ಇಟ್ಟುಕೊಳ್ಳಿ. ಮಹಡಿಯ ಬಟ್ಟೆ ತೆಗೆಯಿರಿ. ಮಕ್ಕಳ ಕೈ ಹಿಡಿದುಕೊಳ್ಳಿ. ಗಾಳಿಪಟ, ಡ್ರೋನ್ ಎರಡನ್ನೂ ಇಳಿಸಿಬಿಡಿ. ರೆಕ್ಕೆ ತಿರುಗುತ್ತಿರುವಾಗ, ಅದರಲ್ಲೂ ಬಾಲದ ಕಡೆಯಿಂದ, ಯಾರೂ ಹತ್ತಿರ ಹೋಗಬೇಡಿ. ಪೈಲಟ್ ಕೈ ತೋರಿಸದೆ ಒಂದು ಹೆಜ್ಜೆಯೂ ಬೇಡ. ಫೋಟೋ ತೆಗೆದು ಯಾರಿಗೆ ಏನಾಗಬೇಕು? ರಸ್ತೆಯಲ್ಲಿ ಸೈರನ್ ಕೇಳಿದರೂ ಇದೇ ಮಾತು, ಗಾಡಿಯನ್ನು ಪಕ್ಕಕ್ಕೆ ಸರಿಸಿ.

ಯಾರಾದರೂ ಬಂದು, "ಯಾರಿಗೋಸ್ಕರ ಇಷ್ಟೆಲ್ಲ?" ಎಂದು ಕೇಳಿದರೆ ಚಿಕ್ಕಬೈರಪ್ಪನವರ ಹಾಗೆ ಗೇಟಿಗೆ ಅಡ್ಡ ನಿಲ್ಲಿ. ಒಳಗಿರುವುದು ಒಂದು ಜೀವ. ಹೆಸರನ್ನು ಆಮೇಲೆ ಅವರೇ ಹೇಳಲಿ, ಬದುಕಿ ಬಂದು.